ಬಂಬಾಲಿಗೆ ಮುನ್ನೂರು ಜೆರ್ಸಿ

ಮನೆಬಿಟ್ಟು ಓಡಿಹೋಗುವ ಹುಡುಗರ ಮೇಲೆ ನನಗೆ ಮೊದಲಿನಿಂದಲೂ ಒಂದು ಬಗೆಯ ಗೌರವ. ಓಡುವುದಕ್ಕೆ ಧೈರ್ಯ ಬೇಕು, ಬಸ್ ಚಾರ್ಜಿಗೆ ದುಡ್ಡು ಬೇಕು. ನನ್ನಲ್ಲಿ ಎರಡೂ ಇರಲಿಲ್ಲವಾದ್ದರಿಂದ ತೆಪ್ಪಗೆ ಓದಿ ಗುಮಾಸ್ತನಾದೆ.

ಫುಟ್‌ಬಾಲ್ ಆಟಗಾರ ಸಾದಿಯೊ ಮಾನೆ ಹಾಗಲ್ಲ. ಸೆನೆಗಲ್ ದೇಶದ ದಕ್ಷಿಣದಲ್ಲಿ ಕಾಸಮಾನ್ಸ್ ಎಂಬ ಹಸಿರು ಸೀಮೆ. ಅಲ್ಲಿನ ಬಂಬಾಲಿ ಅವನ ಊರು. ಅಪ್ಪ ಇಮಾಮರು. 2002ರ ವಿಶ್ವಕಪ್ಪಿನ ಮೊದಲ ಪಂದ್ಯದಲ್ಲೇ ಸೆನೆಗಲ್ ತಂಡ ಫ್ರಾನ್ಸನ್ನು ಮಣಿಸಿದಾಗ ಇವನಿಗೆ ಹತ್ತು ವರ್ಷ. ಆ ವಯಸ್ಸಿನಲ್ಲಿ ಅಂಥದ್ದು ತಲೆಗೇರಿದರೆ ಇಳಿಯುವುದುಂಟೆ? ಚೆಂಡು ಒದ್ದರೆ ಹೊಟ್ಟೆ ತುಂಬೀತೆಂಬ ನಂಬಿಕೆ ಮನೆಯವರಿಗಿರಲಿಲ್ಲ. ಹುಡುಗ ಒಂದು ದಿನ ಹೇಳದೆ ಕೇಳದೆ ರಾಜಧಾನಿ ಡಕಾರಿಗೆ ಹೊರಟುಹೋದ. ಮನೆಯವರು ಪತ್ತೆಹಚ್ಚಿ ವಾಪಸು ಕರೆತಂದರು. ಕೊನೆಗೆ ಸೋತದ್ದು ಅವರೇ. ಮತ್ತೆ ಡಕಾರಿಗೆ ಹೋದಾಗ, ಆಟಗಾರರ ಆಯ್ಕೆಯ ದಿನ ಹರಿದ ಬೂಟು, ಆಟಕ್ಕೆ ಹೊಂದದ ಚಡ್ಡಿಯಲ್ಲಿ ಬಂದು ನಿಂತವನನ್ನು ಅಲ್ಲಿನ ಹಿರಿಯರೊಬ್ಬರು ಅಡಿಯಿಂದ ಮುಡಿಯವರೆಗೆ ನೋಡಿದರಂತೆ. ಚೆಂಡು ಕಾಲಿಗೆ ಸಿಕ್ಕ ಮೇಲೆ ಬೂಟಿನ ಮಾತು ಯಾರೂ ಎತ್ತಲಿಲ್ಲ.

ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತಿರುವ ಕತೆ: ಮೆಟ್ಜ್, ಸಾಲ್ಜ್‌ಬರ್ಗ್, ಸೌತಾಂಪ್ಟನ್, ಲಿವರ್‌ಪೂಲ್ ಕ್ಲಬ್ಬುಗಳು. 2015ರಲ್ಲಿ ಸೌತಾಂಪ್ಟನ್ ಪರ ಆಸ್ಟನ್ ವಿಲ್ಲಾ ಎದುರು 2 ನಿಮಿಷ 56 ಸೆಕೆಂಡಿನಲ್ಲಿ ಮೂರು ಗೋಲು. ಅಷ್ಟು ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಟಿವಿ ರಿಮೋಟೂ ಕೈಗೆ ಸಿಗುವುದಿಲ್ಲ. 2022ರ ಆಫ್ರಿಕಾ ಕಪ್ ಫೈನಲಿನಲ್ಲಿ ಈಜಿಪ್ಟ್ ವಿರುದ್ಧ ಶುರುವಿನಲ್ಲೇ ಪೆನಾಲ್ಟಿ ಕೈಚೆಲ್ಲಿದವನು, ಶೂಟೌಟಿನ ಕೊನೆಯ ಒದೆತಕ್ಕೆ ಮತ್ತೆ ತಾನೇ ಹೋಗಿ ನಿಂತ. ಗೋಲು! ಸೆನೆಗಲ್‌ಗೆ ಮೊಟ್ಟಮೊದಲ ಆಫ್ರಿಕಾ ಕಪ್.

ಆದರೆ ನನ್ನನ್ನು ಕಾಡುವುದು ಈ ಗೋಲುಗಳಲ್ಲ. ಸಾದಿಯೊಗೆ ಏಳು ವರ್ಷವಿದ್ದಾಗ ಅಪ್ಪನಿಗೆ ಹೊಟ್ಟೆಯ ಕಾಯಿಲೆ. ಊರಲ್ಲಿ ಆಸ್ಪತ್ರೆಯಿಲ್ಲ. ನಾಟಿ ಔಷಧಿ ಹಿಡಿಯಲಿಲ್ಲ. ಬೇರೆ ಊರಿಗೆ ಕರೆದೊಯ್ದರು, ಅಲ್ಲೇ ತೀರಿಹೋದರು. 2021ರಲ್ಲಿ ಮಗ ಸುಮಾರು ಐದು ಲಕ್ಷ ಪೌಂಡು, ನಮ್ಮ ಲೆಕ್ಕದಲ್ಲಿ ಐದು ಕೋಟಿ ರೂಪಾಯಿ, ಸುರಿದು ಬಂಬಾಲಿಯಲ್ಲಿ ಆಸ್ಪತ್ರೆ ಕಟ್ಟಿಸಿದ. ಅದಕ್ಕೂ ಮುಂಚೆ ಒಂದು ಶಾಲೆ. ಓದು ಬಿಟ್ಟು ಓಡಿದವನೇ ಶಾಲೆ ಕಟ್ಟಿಸಿದ್ದನ್ನು ಕಂಡು ಮನೆಯ ಹಿರಿಯರು ಮೀಸೆಯಡಿಯಲ್ಲಿ ನಕ್ಕಿರಬೇಕು. ದಾನಿಗಳು ತಮಗೆ ತೋಚಿದ್ದನ್ನು ಕೊಡುವುದೇ ಹೆಚ್ಚು. ಊರಿಗೊಂದು ಕಮಾನು, ಅದರ ಮೇಲೆ ಅಜ್ಜನ ಹೆಸರು. ಇವನು ಮಾತ್ರ ತನಗೆ ಯಾವುದು ಇಲ್ಲದೆ ಪೆಟ್ಟು ಬಿದ್ದಿತ್ತೋ ಅದನ್ನೇ ಹುಡುಕಿ ಕೊಟ್ಟ. ಸಮಾಜಸೇವೆಗೆಂದೇ ಇರುವ ಸಾಕ್ರೆಟಿಸ್ ಪ್ರಶಸ್ತಿ 2022ರಲ್ಲಿ ಶುರುವಾದಾಗ ಮೊದಲು ಸಂದದ್ದು ಇವನಿಗೇ.

ಲಿವರ್‌ಪೂಲಿನ ಮಸೀದಿಯಲ್ಲಿ ಇವನು ಶೌಚದ ಜಾಗ ತೊಳೆಯುತ್ತಿದ್ದ ವಿಡಿಯೊ ಒಮ್ಮೆ ಊರೆಲ್ಲ ಸುತ್ತಿತು. ನಮ್ಮ ಮನೆಯಲ್ಲಿ ಅದನ್ನು ನನಗೆ ಎರಡೆರಡು ಸಲ ತೋರಿಸಲಾಯಿತು. ಯಾಕೆಂದು ನಾನು ಕೇಳಲಿಲ್ಲ.

2018ರ ಚಾಂಪಿಯನ್ಸ್ ಲೀಗ್ ಫೈನಲಿಗೆ ಮುಂಚೆ ಇವನು ಊರಿಗೆ ಮುನ್ನೂರು ಕೆಂಪು ಜೆರ್ಸಿ ಕಳಿಸಿದ್ದ. ಲಿವರ್‌ಪೂಲ್ ಅಂದು 3-1ರಿಂದ ಸೋತಿತು; ಆ ಒಂದು ಗೋಲು ಇವನದೇ, ಹಾಗಾಗಿ ಊರವರಿಗೆ ಅರ್ಧ ಹಬ್ಬವಾದರೂ ಆಗಿರಬೇಕು. ನನ್ನ ಚಿಂತೆ ಬೇರೆ. ಬಂಬಾಲಿಯ ಜನಸಂಖ್ಯೆ ಸುಮಾರು ಎರಡು ಸಾವಿರ. ಜೆರ್ಸಿ ಮುನ್ನೂರು. ಹಂಚಿದವರು ಯಾರೋ, ಅವರನ್ನು ಊರಿನವರು ಇವತ್ತಿಗೂ ಮಾತಾಡಿಸುತ್ತಾರೆಯೇ?