ಅಭಾವ ಪದಾರ್ಥ: ಕ್ರೂಸ್ ಟಿಕೆಟ್ಟಿಗೊಂದು ವೈಶೇಷಿಕ ಭಾಷ್ಯ

ಮಯಾಮಿಯಿಂದ ಕೆರಿಬಿಯನ್ ದ್ವೀಪಗಳಿಗೆ ಹೊರಡುವ ಹಡಗುಗಳ ಟಿಕೆಟ್ ದರವನ್ನು ಅರ್ಥಶಾಸ್ತ್ರದ ವಿಷಯವೆಂದು ಭಾವಿಸಿ ಕೈಸುಟ್ಟುಕೊಂಡವರು ಬಹಳ. ಅದು ದರ್ಶನಶಾಸ್ತ್ರದ ವಿಷಯವೆಂಬುದು ಈ ಪ್ರಬಂಧದ ಪ್ರತಿಜ್ಞೆ. ಪದಾರ್ಥಗಳು ಏಳು ಎಂದೂ, ಏಳನೆಯದು ಅಭಾವ, ಅಂದರೆ ‘ಇಲ್ಲದಿರುವುದು’ ಎಂದೂ ವೈಶೇಷಿಕರು ಎಣಿಸಿದಾಗ ಪ್ರಾಭಾಕರ ಮೀಮಾಂಸಕರು ಒಪ್ಪಲಿಲ್ಲ. ಇಲ್ಲದಿರುವುದು ಹೇಗೆ ಒಂದು ಪದಾರ್ಥವಾದೀತು ಎಂದು ತಕರಾರು ತೆಗೆದರು. ಹಡಗಿನ ಕಂಪನಿಗಳು ತಕರಾರು ತೆಗೆಯಲಿಲ್ಲ. ಅದಕ್ಕೆ ಬೆಲೆ ಕಟ್ಟಿದವು.

ಮೊದಲು ಭಾವಪ್ರಕರಣ. ಕೋಣೆ, ಮುಖ್ಯ ಭೋಜನಶಾಲೆಯ ಊಟ, ಬಫೆ, ರಂಗಮಂದಿರದ ಪ್ರದರ್ಶನ, ಈಜುಕೊಳ, ಜಿಮ್, ನಲ್ಲಿಯ ನೀರು, ಮಾಮೂಲಿ ಕಾಫಿ ಟೀ ಟಿಕೆಟ್ಟಿನೊಳಗೆ ಬರುತ್ತವೆ. ಮೊದಲೇ ತಿಳಿಸಿದರೆ ಭಾರತೀಯ ಸಸ್ಯಾಹಾರವೂ ಸಿಗುವುದುಂಟು. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ, ಅಳಿಯನ ಉತ್ಸಾಹಕ್ಕೆ ಸಿಕ್ಕಿ ಹಡಗು ಹತ್ತುವ ನಮ್ಮ ಅಜ್ಜಿಯರ ಆತಂಕ ಇಲ್ಲಿಗೆ ಪರಿಹಾರವಾಯಿತು. ಪ್ರಕರಣವೂ ಮುಗಿಯಿತು.

ಇನ್ನು ಅಭಾವ. ಅದು ಚತುರ್ವಿಧ. ಮಡಕೆ ಹುಟ್ಟುವ ಮುಂಚಿನ ಅದರ ಇಲ್ಲದಿರುವಿಕೆ ಪ್ರಾಗಭಾವ. ಬಂದರು ಶುಲ್ಕ ಬಹುಕಾಲ ಈ ಸ್ಥಿತಿಯಲ್ಲಿತ್ತು: ಜಾಹೀರಾತಿನ ದಪ್ಪ ಅಂಕಿಯಲ್ಲಿ ಇರುತ್ತಿರಲಿಲ್ಲ, ಹಣ ಕಟ್ಟುವ ಹೊತ್ತಿಗೆ ಅವತರಿಸುತ್ತಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಕ್ಯಾಲಿಫೋರ್ನಿಯಾದ ಕಾನೂನು, ಕಡ್ಡಾಯ ಶುಲ್ಕವನ್ನು ಜಾಹೀರಾತಿನ ದರದಲ್ಲೇ ತೋರಿಸಬೇಕೆಂದಿತು. ದೊಡ್ಡ ಕಂಪನಿಗಳು ಅಮೆರಿಕದಾದ್ಯಂತ ಹಾಗೇ ತೋರಿಸತೊಡಗಿದವು. ‘ಕಡ್ಡಾಯ’ ಎಂಬ ಪದದ ಸಂದಿಯಲ್ಲಿ ನುಸುಳಿಕೊಂಡದ್ದು ಯಾವುದೆಂಬುದನ್ನು ಮುಂದೆ ನೋಡೋಣ.

ಮಡಕೆ ಬಟ್ಟೆಯಲ್ಲ ಎಂಬುದು ಅನ್ಯೋನ್ಯಾಭಾವ. ಹಾಗೆಯೇ ಬಫೆಯ ಕಾಫಿ ಕೆಫೆಯ ಕಾಫಿಯಲ್ಲ. ತಿಂಡಿಯ ಜೊತೆಗಿನ ಕಿತ್ತಳೆ ರಸ ಎದುರಿಗೇ ಹಿಂಡಿಕೊಟ್ಟ ಕಿತ್ತಳೆ ರಸವಲ್ಲ. ‘ಒಬ್ಬರಿಗೆ ಇಷ್ಟು’ ಎಂಬುದು ಒಬ್ಬರಿಗೆ ಅಷ್ಟಲ್ಲ, ಏಕೆಂದರೆ ಅದು ಕೋಣೆಯಲ್ಲಿ ಇಬ್ಬರಿರುವರೆಂದು ಊಹಿಸಿ ಹೇಳಿದ ದರ. ಒಂಟಿಯಾಗಿ ಹೊರಟವರು ಎಷ್ಟೋ ಸಲ ಬಾರದವರ ಪಾಲನ್ನೂ ತೆರಬೇಕು. ವಿಧವೆಯರಿಗೂ ವಿಧುರರಿಗೂ ಈ ಅಧ್ಯಾಯಕ್ಕೆ ಭಾಷ್ಯ ಬೇಕಾಗದು.

ಇದೇ ಅಧಿಕರಣದಲ್ಲಿ ಪಾನವಿಚಾರ. ಮದ್ಯದ ಪ್ಯಾಕೇಜನ್ನು ಕೋಣೆಯಲ್ಲಿ ಒಬ್ಬ ವಯಸ್ಕ ಕೊಂಡರೆ ಇನ್ನೊಬ್ಬ ವಯಸ್ಕರೂ ಕೊಳ್ಳಬೇಕೆಂಬುದು ಹಲವು ಕಂಪನಿಗಳ ನಿಯಮ. ದರೋಡೆಕೋರನಾಗಿದ್ದ ವಾಲ್ಮೀಕಿ, ನನ್ನ ಪಾಪದಲ್ಲಿ ಪಾಲು ತೆಗೆದುಕೊಳ್ಳುವಿರಾ ಎಂದಾಗ ಹೆಂಡತಿ ಮಕ್ಕಳು ಆಗದೆಂದರಂತೆ. ಹಡಗಿನಲ್ಲಿ ಆ ಸೌಲಭ್ಯವಿಲ್ಲ. ಗಂಡ ಕುಡಿದರೆ ಏಕಾದಶಿ ಮಾಡುವ ಹೆಂಡತಿಯೂ ದುಡ್ಡು ಕಟ್ಟಬೇಕು. ಪ್ಯಾಕೇಜು ‘ಉಚಿತ’ ಎಂಬ ಕೊಡುಗೆಯೂ ಉಂಟು. ಆಗ ಆ ಉಚಿತದ ಮೂಲಬೆಲೆಯ ಮೇಲೆ ಶೇಕಡಾ 20ರಷ್ಟು ಸೇವಾಶುಲ್ಕ ಬೀಳುತ್ತದೆ. ಇದಕ್ಕೆ ಸಮನಾದ ಸಿದ್ಧಾಂತ ನಮ್ಮ ಆರೂ ದರ್ಶನಗಳಲ್ಲಿ ಇಲ್ಲ.

ಅತ್ಯಂತಾಭಾವಕ್ಕೆ ತಾರ್ಕಿಕರ ಉದಾಹರಣೆ: ವಾಯುವಿನಲ್ಲಿ ರೂಪವಿಲ್ಲ. ನಮ್ಮದು: ಅಗ್ಗದ ಟಿಕೆಟ್ಟಿನಲ್ಲಿ ವೈಫೈ ಇಲ್ಲ. ಲಾಂಡ್ರಿ, ಸ್ಪಾ, ಫೋಟೊ, ವಿಶೇಷ ರೆಸ್ಟೋರೆಂಟು, ದಡದ ಪ್ರವಾಸ, ಎಲ್ಲ ಇದೇ ಗುಂಪು. ನಾಲ್ಕನೆಯದಾದ ಪ್ರಧ್ವಂಸಾಭಾವ ಕ್ಯಾಸಿನೊಗೆ ಸೇರಿದ್ದು. ಅದನ್ನು ಬರೆಯುವ ಉತ್ಸಾಹ ನನಗೆ ಉಳಿದಿಲ್ಲ. ತಮಾಷೆ ಸಾಕು.

ಏಕೆಂದರೆ ಭಕ್ಷೀಸಿನ ವಿಷಯ ಬಾಕಿ ಇದೆ. ತಲೆಗೆ, ದಿನಕ್ಕೆ, ಸುಮಾರು 16ರಿಂದ 20 ಡಾಲರ್ ತಾನಾಗಿಯೇ ಲೆಕ್ಕಕ್ಕೆ ಏರುತ್ತದೆ. 18 ಎಂದು ಹಿಡಿದರೆ ನಾಲ್ಕು ಜನರ ಕುಟುಂಬಕ್ಕೆ ಏಳು ರಾತ್ರಿಗೆ 504 ಡಾಲರ್. ಹಡಗಿನಲ್ಲಿ ನಗದು ನಡೆಯುವುದಿಲ್ಲ, ಎಲ್ಲಕ್ಕೂ ಕಾರ್ಡು ತೋರಿಸುವುದು, ಹಾಗಾಗಿ ನೋವು ಕಡೆಯ ದಿನದವರೆಗೆ ತಿಳಿಯುವುದೂ ಇಲ್ಲ. ಆದರೂ ಇದು ಐಚ್ಛಿಕವಂತೆ! ಕೌಂಟರಿಗೆ ಹೋಗಿ ತೆಗೆಸಬಹುದಂತೆ. ತೆಗೆಸಿದರೆ ಯಾರ ಹೊಟ್ಟೆಗೆ ಹೊಡೆತ? ನಿಮ್ಮ ಹಾಸಿಗೆ ಸರಿಮಾಡುವ ಹುಡುಗನದು. ಗೋವಾದವನು, ಮಂಗಳೂರಿನವನು, ಫಿಲಿಪ್ಪೀನ್ಸಿನವನು, ತಿಂಗಳುಗಟ್ಟಲೆ ಮನೆ ಬಿಟ್ಟು, ವಾರದ ರಜೆಯಿಲ್ಲದೆ ದುಡಿಯುವವನು. 2006ರ ಕಡಲ ಕಾರ್ಮಿಕ ಒಪ್ಪಂದವೇ ವಾರಕ್ಕೆ 72 ಗಂಟೆ ದುಡಿಸುವುದನ್ನು ಒಪ್ಪುತ್ತದೆ. ಹಡಗು ಮಯಾಮಿಯದು, ಹತ್ತುವವರು ಅಮೆರಿಕದವರು, ಬಾವುಟ ಮಾತ್ರ ಬಹಾಮಾಸಿನದೋ ಪನಾಮಾದ್ದೋ. ಅಮೆರಿಕದ ಕನಿಷ್ಠ ಕೂಲಿ ಆ ಬಾವುಟದ ಕೆಳಗೆ ತಲುಪುವುದಿಲ್ಲ. ಸಂಬಳದ ದೊಡ್ಡ ಪಾಲನ್ನು ಪ್ರಯಾಣಿಕನ ಔದಾರ್ಯದ ಮೇಲೆ ಹೊರಿಸಿ, ಟಿಕೆಟ್ಟನ್ನು ಅಷ್ಟರಮಟ್ಟಿಗೆ ಅಗ್ಗವೆಂದು ತೋರಿಸಿ, ಕೌಂಟರಿನ ಮುಂದೆ ನಿಂತ ನಿವೃತ್ತ ಮೇಷ್ಟರಿಗೂ ಟವೆಲ್ಲಿನಲ್ಲಿ ಆನೆ ಮಡಿಸಿಟ್ಟ ಹುಡುಗನಿಗೂ ಜಗಳ ಹಚ್ಚುವುದು ಯಾವ ಸೀಮೆಯ ವ್ಯಾಪಾರ?

ಒಂದೇ ಅಂಕಿ ಹೇಳಲು ಬಾರದೆ ಹೀಗಾಗಿದೆ ಅನ್ನುವಂತೆಯೂ ಇಲ್ಲ. ರೀಜೆಂಟ್ ಸೆವೆನ್ ಸೀಸ್‌ನಂಥ ದುಬಾರಿ ಕಂಪನಿಗಳು ಭಕ್ಷೀಸು, ಪಾನೀಯ, ಹಲವು ದಡದ ಪ್ರವಾಸಗಳನ್ನು ಟಿಕೆಟ್ಟಿನಲ್ಲೇ ಸೇರಿಸಿ ಮಾರುತ್ತಿವೆ. ಲೆಕ್ಕ ಬಲ್ಲ, ಲೆಕ್ಕದ ಗೊಡವೆಯೇ ಇಲ್ಲದ ಶ್ರೀಮಂತರಿಗೆ ಒಂದೇ ಅಂಕಿ. ಚೀಟಿ ಹಾಕಿ ದುಡ್ಡು ಕೂಡಿಸಿ ಅಪ್ಪ ಅಮ್ಮನನ್ನು ಕರೆದೊಯ್ಯುವವರಿಗೆ ಮಾತ್ರ ಈ ನಾಲ್ಕು ಬಗೆಯ ಅಭಾವ.