ಡಾಕ್ಟರು ಓಡಿಸಿದ ಕಾರು
ಮನೆಗೆ ಇನ್ನೊಂದು ಹಳೇ ಕಾರು ಬೇಕೇ ಎಂಬ ಚರ್ಚೆ ನಮ್ಮಲ್ಲಿ ಉಪ್ಪಿಟ್ಟಿಗೆ ಶುರುವಾದರೆ ರಾತ್ರಿಯ ಮಜ್ಜಿಗೆಗೂ ಮುಗಿಯುವುದಿಲ್ಲ. ಮಗಳಿಗೆ 2012ರ ವ್ಯಾಗನ್ ಆರ್ ಮೇಲೆ ಕಣ್ಣು. ‘ಸಿಂಗಲ್ ಓನರ್ ಸಾರ್, ಡಾಕ್ಟರು ಓಡಿಸಿದ್ದು’ ಎಂದ ಬ್ರೋಕರು. ಬೆಂಗಳೂರಿನಲ್ಲಿ ಮಾರಾಟಕ್ಕಿರುವ ಹಳೇ ಕಾರುಗಳೆಲ್ಲ ಡಾಕ್ಟರದ್ದೇ. ಅವರು ಆಸ್ಪತ್ರೆಗೆ ನಡೆದೇ ಹೋಗುತ್ತಿದ್ದರೇನೋ, ಮೀಟರು 40,000 ದಾಟಿಲ್ಲ. ಕ್ಲಚ್ ಪೆಡಲ್ಲಿನ ರಬ್ಬರು ಮಾತ್ರ ಸವೆದು ಕಬ್ಬಿಣ ಇಣುಕುತ್ತಿತ್ತು!

ನನ್ನಾಕೆ ಕೇಳಿದ್ದು ಒಂದೇ: ‘ನಿಲ್ಲಿಸೋದೆಲ್ಲಿ, ರಂಗೋಲಿ ಮೇಲಾ?’

ಸಾಲದ್ದಕ್ಕೆ 15 ವರ್ಷ ತುಂಬಿದರೆ ಆರ್‌ಸಿ ನವೀಕರಣ, ಹಸಿರು ತೆರಿಗೆ. ವಿಮೆಯ ನೋ ಕ್ಲೇಮ್ ಬೋನಸ್ಸೂ ಕಾರಿನ ಜೊತೆ ಬರುವುದಿಲ್ಲ, ಹಳೇ ಮಾಲೀಕನ ಜೊತೆಗೇ ಹೋಗುತ್ತದೆ. ಅಪರೂಪದ ಓಡಾಟಕ್ಕೆ ಆಟೋನೇ ಅಗ್ಗ. ಕೊಳ್ಳಲೇಬೇಕೆಂದರೆ, ನೋಡಲು ನಿಮ್ಮ ಮೆಕ್ಯಾನಿಕ್ಕನ್ನು ಕರೆದೊಯ್ಯಿರಿ, ಭಾವಮೈದುನನನ್ನಲ್ಲ.