ಶಿಶುಜ್ವರಮಾಪಕ ಮೀಮಾಂಸೆ: ಖರಾಡಿಯನ್ನು ಅನುಲಕ್ಷಿಸಿ ಒಂದು ಅಂತರ್‌ಶಿಸ್ತೀಯ ಅನುಸಂಧಾನ

ಪ್ರಸ್ತುತ ಪ್ರಬಂಧದ ವ್ಯಾಪ್ತಿ ಒಂದು ಕಂಕುಳಷ್ಟು. ಮಿತಿ, ಸಂಶೋಧಕರ ಮನೆಯ ಕೂಸು ನಿದ್ದೆಯಿಂದ ಏಳುವ ತನಕ. ಪುಣೆಯ ಪೂರ್ವಕ್ಕೆ, 'ನಗರ್ ರೋಡ್' ಎಂಬ ಹೆದ್ದಾರಿಗೂ ಮುಳಾ-ಮುಠಾ ನದಿಗೂ ನಡುವೆ ಬೆಳೆದು ನಿಂತ ಖರಾಡಿಯನ್ನೇ ಕ್ಷೇತ್ರಕಾರ್ಯಕ್ಕೆ ಆರಿಸಿಕೊಂಡದ್ದಕ್ಕೆ ಸೈದ್ಧಾಂತಿಕ ಕಾರಣಗಳಿವೆ. ಮೊದಲನೆಯದು, ಸಂಶೋಧಕರು ಅಲ್ಲೇ ಬಾಡಿಗೆಗಿದ್ದಾರೆ. ಎರಡನೆಯದು, ಇಯಾನ್ ಐಟಿ ಪಾರ್ಕಿನ ಸುತ್ತಲಿನ ಗೋಪುರಗಳಲ್ಲಿ ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆ ಕಡೆಯ ಎಳೆಯ ದಂಪತಿಗಳು ಹೇರಳವಾಗಿದ್ದಾರೆ. ಬಾಣಂತನ ಮುಗಿಸಿ ತವರಿನಿಂದ ಬಂದ ಕೂಸು, ಕೂಸಿನ ಬೆನ್ನಿಗೆ ಬಂದ ಅಜ್ಜಿ, ಅಜ್ಜಿಯನ್ನು ನಂಬದ ಆ್ಯಪು: ಈ ತ್ರಿಕೋನವೇ ನಮ್ಮ ಅಧ್ಯಯನದ ತಾತ್ವಿಕ ನೆಲೆ. (ನೆಲೆ ಎಂದ ಮೇಲೆ ನಿಲುವೂ ಬೇಕೆಂಬುದು ಕನ್ನಡ ಸಂಶೋಧನೆಯ ಅಲಿಖಿತ ನಿಯಮ. ಆಸಕ್ತರು ಅದನ್ನು ಅನುಬಂಧದಲ್ಲಿ ನೋಡತಕ್ಕದ್ದು. ಅನುಬಂಧ ಅಚ್ಚಾಗಿಲ್ಲ.)

1. ಪೂರ್ವಸೂರಿಗಳ ಸ್ಮರಣೆ

ಜ್ವರಮಾಪನ ಸಂಕಥನದ ಆದ್ಯರಾದ ಡೇನಿಯಲ್ ಫ್ಯಾರನ್‌ಹೀಟರು 1714ರಲ್ಲಿ ಗಾಜಿನ ನಳಿಗೆಗೆ ಪಾದರಸ ತುಂಬಿದರು. 1742ರಲ್ಲಿ ಆಂಡರ್ಸ್ ಸೆಲ್ಸಿಯಸ್ಸರು ನೀರು ಕುದಿಯುವ ಬಿಂದುವಿಗೆ ಸೊನ್ನೆ, ಹೆಪ್ಪುಗಟ್ಟುವ ಬಿಂದುವಿಗೆ ನೂರು ಎಂದು ಗುರುತು ಹಾಕಿದರು. ಮುಂದೆ ಅದನ್ನು ತಲೆಕೆಳಗು ಮಾಡಿ ಸರಿಪಡಿಸಲಾಯಿತು. ಹತ್ತೊಂಬತ್ತನೇ ಶತಮಾನದ ನಡುವಿನ ತನಕ ವೈದ್ಯರ ಥರ್ಮಾಮೀಟರು ಸುಮಾರು ಒಂದಡಿ ಉದ್ದವಿತ್ತು, ಇಪ್ಪತ್ತು ನಿಮಿಷ ಹಿಡಿದಿರಬೇಕಿತ್ತು. ಇಪ್ಪತ್ತು ನಿಮಿಷ ಅಲುಗಾಡದೆ ಮಲಗುವ ಕೂಸುಗಳು ಆ ಶತಮಾನದಲ್ಲಿ ಹುಟ್ಟುತ್ತಿದ್ದವೋ ಏನೋ. 1860ರ ದಶಕದಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಕ್ಲಿಫರ್ಡ್ ಆಲ್‌ಬಟ್ಟರು ಅದನ್ನು ಆರಿಂಚಿಗೂ ಐದು ನಿಮಿಷಕ್ಕೂ ಇಳಿಸಿ ತಾಯಂದಿರ ಋಣ ತೀರಿಸಿದರು.

ಇನ್ನು ಲೈಪ್‌ಜಿಗ್‌ನ ಕಾರ್ಲ್ ವುಂಡರ್‌ಲಿಶ್ಶರು. ಇಪ್ಪತ್ತೈದು ಸಾವಿರದಷ್ಟು ರೋಗಿಗಳ ಕಂಕುಳಿಗೆ ಕಡ್ಡಿ ಇಟ್ಟು, 1868ರ ತಮ್ಮ ಗ್ರಂಥದಲ್ಲಿ 37 ಡಿಗ್ರಿ ಸೆಲ್ಸಿಯಸ್, ಅಂದರೆ 98.6 ಫ್ಯಾರನ್‌ಹೀಟ್, ಸಹಜವೆಂದು ಸಾರಿದರು. 1992ರಲ್ಲಿ ಅಮೆರಿಕದ ಸಂಶೋಧಕರು ಆರೋಗ್ಯವಂತರನ್ನು ಮತ್ತೆ ಅಳೆದರೆ ಸರಾಸರಿ 98.2 ಬಂತು. ವುಂಡರ್‌ಲಿಶ್ಶರದೆಂದು ಕಾಪಿಟ್ಟಿದ್ದ ಒಂದು ಥರ್ಮಾಮೀಟರನ್ನು ಪರೀಕ್ಷಿಸಿದಾಗ ಅದೇ ಹೆಚ್ಚು ತೋರಿಸುತ್ತಿತ್ತು. ಇಷ್ಟಾದರೂ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ 98.6 ಎಂಬುದು ವೇದವಾಕ್ಯ. ರಾತ್ರಿ ಹನ್ನೊಂದಕ್ಕೆ ಯಾರಾದರೂ 98.9 ಎಂದು ಬರೆದರೆ ಏಳನೇ ಮಹಡಿಯಿಂದ ಹೋಮಿಯೋಪತಿ, ಹನ್ನೆರಡನೆಯದರಿಂದ ಈರುಳ್ಳಿ ರಸ, ಡೇಟಾ ಸೈನ್ಸಿನವರಿಂದ ಒಂದು ಗ್ರಾಫು.

2. ವರ್ಗೀಕರಣ

2.1 ರಸಯುಗ. ಅಲಂಕಾರಶಾಸ್ತ್ರದ ಒಂಬತ್ತು ರಸಗಳಲ್ಲಿ ಸೇರದ ಹತ್ತನೆಯದು ಪಾದರಸ. ಝಾಡಿಸಿ ಕೆಳಗಿಳಿಸುವುದು, ದೀಪದ ಕಡೆ ಓರೆ ಹಿಡಿದು ಬೆಳ್ಳಿಗೆರೆ ಹುಡುಕುವುದು, ಕೈಜಾರಿ ಬಿದ್ದಾಗ ಮಂಚದ ಕೆಳಗೆ ಓಡುವ ಮಣಿಗಳನ್ನು ಮಕ್ಕಳು ಬೆರಳಲ್ಲಿ ಒತ್ತಿ ಆಡುವುದು, ಇವು ಈ ಯುಗದ ಸಾಂಸ್ಕೃತಿಕ ಆಯಾಮಗಳು. ಆ ಮಣಿಗಳು ವಿಷವೆಂದು ಯಾರೂ ಹೇಳಲಿಲ್ಲ. ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನ್‌ನಿಂದ ಕಳಚಿ ತಂದು ಕೊಡೈಕೆನಾಲಿನಲ್ಲಿ ನಿಲ್ಲಿಸಿದ್ದ ಥರ್ಮಾಮೀಟರ್ ಕಾರ್ಖಾನೆಯ ಕೂಲಿಗಳಿಗೂ ಹೇಳಿರಲಿಲ್ಲ ಎಂಬುದೇ ಅವರ ದೂರು. ಊರಿನ ಗುಜರಿ ಅಂಗಡಿಯಲ್ಲಿ ಪಾದರಸ ಮೆತ್ತಿದ ಗಾಜಿನ ರಾಶಿ ಸಿಕ್ಕಿದ ಮೇಲೆ 2001ರಲ್ಲಿ ಒಡೆತನದ ಕಂಪನಿ ಹಿಂದೂಸ್ತಾನ್ ಲೀವರ್ ಆ ಕಾರ್ಖಾನೆಯನ್ನು ಮುಚ್ಚಿತು. 591 ಮಾಜಿ ಕೆಲಸಗಾರರೊಡನೆ ರಾಜಿಯಾದದ್ದು 2016ರಲ್ಲಿ. ಅಲ್ಲಿ ತಯಾರಾದ ಕಡ್ಡಿಗಳು ಹಡಗು ಹತ್ತಿ ಹೋದದ್ದು ಹೊರದೇಶದ ಮಕ್ಕಳ ಬಾಯಿಗೆ. ಕ್ಷಮಿಸಿ, ವರ್ಗೀಕರಣಕ್ಕೆ ಮರಳೋಣ.

2.2 ಶಲಾಕಾ ಪ್ರಸ್ಥಾನ. ಮೆಡಿಕಲ್ ಅಂಗಡಿಯಲ್ಲಿ ಇನ್ನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಡಿಜಿಟಲ್ ಕಡ್ಡಿ. ತುದಿಯಲ್ಲಿ ಥರ್ಮಿಸ್ಟರು, ಬುಡದಲ್ಲಿ ಗುಂಡಿಯಷ್ಟು ಸೆಲ್ಲು, ಮುಗಿದಾಗ ಪೀಂ ಪೀಂ. ಒಂದು ಗುಂಡಿಯನ್ನು ಜಾಸ್ತಿ ಹೊತ್ತು ಒತ್ತಿದರೆ ಕೆಲವು ಕಡ್ಡಿಗಳು ಫ್ಯಾರನ್‌ಹೀಟಿನಿಂದ ಸೆಲ್ಸಿಯಸ್ಸಿಗೆ ಮತಾಂತರ ಹೊಂದುತ್ತವೆ. ಆಗ ಅಜ್ಜಿಯ ಕಣ್ಣಿಗೆ 36.8 ಬೀಳುತ್ತದೆ: "ಅಯ್ಯ ಶಿವನ, ಕೂಸು ತಣ್ಣಗಾತಲ್ಲೋ!"

2.3 ಕರ್ಣಪಥ. ಕಿವಿಯೊಳಗೆ ಇಟ್ಟು ಅಳೆಯುವ ಮಾಪಕ. ಆರು ತಿಂಗಳೊಳಗಿನ ಕೂಸಿನ ಕಿವಿಯ ಓಣಿ ಬಹಳ ಇಕ್ಕಟ್ಟು, ಅಲ್ಲಿ ಇದನ್ನು ನಂಬಬಾರದೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಡಬ್ಬಿಯ ಮೇಲೆ ಮಾತ್ರ ಅದೇ ವಯಸ್ಸಿನ ಕೂಸು ನಗುತ್ತಿರುತ್ತದೆ.

2.4 ಬಂದೂಕು. 2020ರ ಕೊರೊನಾ ಕಾಲದಲ್ಲಿ ಈ ನಾಡಿನ ಗೇಟುಗೇಟಿಗೂ ಬಂದು ನಿಂತ, ಮೈ ಮುಟ್ಟದೆ ಅಳೆಯುವ ಆಯುಧ. ವಾಚ್‌ಮನ್ ಮಾಮಾ ಇದನ್ನು ಹಣೆಗೆ ಹಿಡಿಯಲು ಮುಜುಗರಪಟ್ಟು ಮುಂಗೈಗೆ ಗುರಿಯಿಟ್ಟು, ಬಿಸಿಲಲ್ಲಿ ಸ್ಕೂಟರಿನಿಂದ ಇಳಿದವರಿಗೆಲ್ಲ 94 ಎಂದು ಬರೆದುಕೊಳ್ಳುತ್ತಿದ್ದರು. ಬೆವರು, ಎಸಿ, ಬಿಸಿಲು ಮೂರೂ ಇದರ ಲೆಕ್ಕ ಕೆಡಿಸುತ್ತವೆ.

2.5 ಚೀಪುವ ನಿಪ್ಪಲ್ಲಿನ ರೂಪದ್ದು. 2.6 ಹಣೆಪಟ್ಟಿ. 2.7 ಕಂಕುಳಿಗೆ ಅಂಟಿಸಿ ಮೊಬೈಲಿಗೆ ಜೋಡಿಸುವ ಸ್ಮಾರ್ಟ್ ತೇಪೆ, ಆಫೀಸಿನ ಮೀಟಿಂಗಿನಲ್ಲಿ ಕುಳಿತೇ ಕೂಸಿನ ಉಷ್ಣತೆಯ ಏರಿಳಿತ ನೋಡಲು. 2.8... ಸಾಕು. ಯಾವ ಕೂಸೂ 2.8ನ್ನು ಕೇಳುವುದಿಲ್ಲ.

3. ಕರತಲ ಪಂಥ

ಈ ಪಂಥದ ಪ್ರಮಾಣ ಅಂಗೈ. ಬೆರಳಿನ ಹಿಂಬದಿಯನ್ನು ಕೂಸಿನ ಹೊಟ್ಟೆಗೂ ಕುತ್ತಿಗೆಗೂ ತಾಗಿಸಿ ಅಜ್ಜಿ ತೀರ್ಪು ಕೊಡುತ್ತಾಳೆ. ಆಧುನಿಕರು ನಗಬಾರದು: ತಾಯಂದಿರು "ಮೈ ಬಿಸಿ ಇಲ್ಲ" ಎಂದರೆ ಆ ಮಾತು ಬಹುಪಾಲು ಸರಿಯಿರುತ್ತದೆ, "ಬಿಸಿ ಇದೆ" ಎಂದಾಗ ಮಾತ್ರ ಅಳೆದು ನೋಡಬೇಕು ಎಂಬುದನ್ನು ವೈದ್ಯರೇ ಕಂಡುಕೊಂಡಿದ್ದಾರೆ. ಪಂಥದ ಒಂದೇ ದೋಷ ಕುಲಾವಿ. ಏಪ್ರಿಲ್ ತಿಂಗಳ ಪುಣೆಯಲ್ಲಿ, ಫ್ಯಾನು ಬಂದ್ ಮಾಡಿ, ಉಣ್ಣೆಯ ಕುಲಾವಿ ಹಾಕಿ, ಕಾಲುಚೀಲ ತೊಡಿಸಿ, ದುಪ್ಪಟಿಯಲ್ಲಿ ಬಿಗಿಯಾಗಿ ಸುತ್ತಿದ ಕೂಸಿನ ಮೈ ಮುಟ್ಟಿ "ಜ್ವರ ಬಂದಂಗದ" ಎಂದರೆ, ಬಂದಿರುವುದು ಬೇಸಿಗೆ. ಬಟ್ಟೆ ಸಡಿಲಿಸಿ ಸ್ವಲ್ಪ ಹೊತ್ತು ಬಿಟ್ಟು ಅಳೆಯಬೇಕು.

4. ಮಾಪಕದ ಪಾಲನೆ-ಪೋಷಣೆ

ಮಾಪಕವನ್ನೂ ಕೂಸಿನಂತೆಯೇ ಸಲಹತಕ್ಕದ್ದು ಎಂದು ಕೈಪಿಡಿಗಳು ಹದಿನಾಲ್ಕು ಭಾಷೆಗಳಲ್ಲಿ ಬೋಧಿಸುತ್ತವೆ, ಕನ್ನಡ ಬಿಟ್ಟು. ಸಾರಾಂಶವಿಷ್ಟು: ಬಳಸುವ ಮೊದಲೂ ಆಮೇಲೂ ತುದಿಯನ್ನು ಸೋಪುನೀರಿನಿಂದಲೋ ಸ್ಪಿರಿಟ್ಟಿನಿಂದಲೋ ಒರೆಸಬೇಕು. ಹಾಲಿನ ಬಾಟಲಿಯ ಜೊತೆ ಕುದಿಸಬಾರದು. ಗುದಕ್ಕೆ ಬಳಸಿದ್ದನ್ನು ಬಾಯಿಗೆ ಬಳಸದಂತೆ ಗುರುತು ಹಾಕಿಡಬೇಕು. ಕಂಕುಳು ಒಣಗಿರಬೇಕು, ತುದಿ ಚರ್ಮಕ್ಕೆ ತಾಗಿರಬೇಕು, ಪೀಂ ಎನ್ನುವ ತನಕ ತೋಳನ್ನು ಮೈಗೆ ಒತ್ತಿ ಹಿಡಿದಿರಬೇಕು. ಕೊನೆಯದು ನಗೆಯ ಮಾತಲ್ಲ: ಆ ಗುಂಡಿಸೆಲ್ಲನ್ನು ಕೂಸು ನುಂಗಿದರೆ ಗಂಟೆಗಳೊಳಗೆ ಅನ್ನನಾಳ ಸುಟ್ಟುಹೋಗಬಹುದು. ಮುಚ್ಚಳ ಸಡಿಲವಾದ ಕಡ್ಡಿಯನ್ನು ಮನೆಯಲ್ಲಿ ಇಡಬೇಡಿ.

5. ಕ್ಷೇತ್ರಕಾರ್ಯದ ಟಿಪ್ಪಣಿ

ಖರಾಡಿಯ ಮಗ್ಗುಲಿನ ಚಂದನನಗರದ ಒಂದು ಮೆಡಿಕಲ್ ಅಂಗಡಿ, ಸಂಜೆ. ಕಟಕಟೆಯ ಮುಂದೆ ಸೊಂಟದ ಮೇಲೆ ಕೂಸು ಹೊತ್ತ ಒಬ್ಬ ಹೆಂಗಸು, ಸೀರೆಯ ಮೇಲೆ ಗಂಡಸರ ಅಂಗಿ, ಕೂದಲಲ್ಲಿ ಸಿಮೆಂಟಿನ ಬೂದಿ. ಅಂಗಡಿಯವರಿಗೆ ಅರ್ಧ ಮರಾಠಿಯಲ್ಲಿ ಜ್ವರದ ಔಷಧ ಕೇಳುತ್ತಿದ್ದಳು. ನಾನು ಫೋನಿನಲ್ಲಿ ಕನ್ನಡ ಆಡಿದ್ದು ಕೇಳಿ ತಿರುಗಿದಳು.

"ಅಕ್ಕಾರ, ನಮ್ಮ ಕಡೇವರೇನ್ರೀ? ನಮ್ದು ಇಂಡಿ ಹತ್ರ."

"ಹೌದವ್ವಾ. ಕೂಸಿಗೆ ಏನಾಗೇತಿ?"

"ನಿನ್ನಿ ರಾತ್ರಿಯಿಂದ ಮೈ ಸುಡಾಕತ್ತೈತ್ರೀ."

"ಎಷ್ಟೈತಿ, ನೋಡೀರೇನು?"

"ಏನ್ ನೋಡೂದ್ರೀ?"

ಸಂಕಥನ, ಆಯಾಮ, ಪ್ರಸ್ಥಾನ ಎಲ್ಲ ಇಲ್ಲಿಗೆ ಮುಗಿಯಿತು. ನಾವು ಗೋಪುರದ ಮೇಲೆ ಕೂತು ಒಂದು ದಶಾಂಶದ ಬಗ್ಗೆ ಜಗಳ ಆಡುತ್ತೇವೆ. ಗೋಪುರ ಕಟ್ಟಿದವರು ವಿಜಯಪುರ, ಕಲಬುರಗಿ, ಯಾದಗಿರಿಯ ತಾಂಡಾಗಳಿಂದ, ಮಳೆ ಕೈಕೊಟ್ಟ ಹೊಲಗಳಿಂದ ಬಂದವರು; ತಗಡಿನ ಶೆಡ್ಡಿನಲ್ಲಿ ಅವರ ಕೂಸು ಎಷ್ಟು ಬಿಸಿಯಿದೆ ಎಂದು ಅಳೆಯಲು ಇನ್ನೂರು ರೂಪಾಯಿಯ ಕಡ್ಡಿ ಇಲ್ಲ. ಶೆಡ್ಡೇ ಕಾದಿರುವಾಗ ಅಂಗೈಗಾದರೂ ಏನು ಗೊತ್ತಾಗಬೇಕು? 2025ರ ತನಕ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಬರೆದದ್ದು ಹೀಗೆ: ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಅವರ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು. ಐವತ್ತೊಂದನೆಯವಳು ಬರುವ ತನಕ ಕೂಸು ಮರಳಿನ ರಾಶಿಯ ಪಕ್ಕ ಮಲಗಬಹುದು ಎಂದು ಅದರ ಅರ್ಥವಾಗಿತ್ತು. ಪುಣೆಯ ಸೈಟುಗಳಲ್ಲಿ ತಾರಾ ಮೊಬೈಲ್ ಕ್ರೆಶಸ್‌ನಂಥ ಸಂಸ್ಥೆಗಳು ಶಿಶುವಿಹಾರ ನಡೆಸುತ್ತ ಬಂದಿವೆ, ಪುಣ್ಯ. ಆದರೆ ಫ್ಲಾಟಿನ ಜಾಹೀರಾತಿನಲ್ಲಿ ಈಜುಕೊಳದ ಚಿತ್ರ ಹಾಕುವ ಬಿಲ್ಡರುಗಳಿಗೆ ಒಂದು ನೆರಳಿನ ಕೋಣೆ ಯಾಕೆ ಭಾರವಾಗುತ್ತದೋ ನನಗೆ ತಿಳಿಯದು.

ತಿಳಿದಿರುವುದನ್ನು ಹೇಳುತ್ತೇನೆ. ಕಡ್ಡಿ ಸಾಕು, ಕಂಕುಳು ಸಾಕು. ಕಂಕುಳಿನ ಅಂಕಿ ಒಳಮೈಯ ಅಂಕಿಗಿಂತ ತುಸು ಕಡಿಮೆ ಇರುತ್ತದೆ. ಮೂರು ತಿಂಗಳೊಳಗಿನ ಕೂಸಿಗೆ ಕಂಕುಳಲ್ಲಿ 99 ದಾಟಿದರೆ ಡಾಕ್ಟರಿಗೆ ಫೋನ್ ಮಾಡಿ, 100.4 ಮುಟ್ಟಿದರೆ ಹಗಲಿರಲಿ ರಾತ್ರಿಯಿರಲಿ ಕೂಡಲೇ ಕರೆದೊಯ್ಯಿರಿ. ಕೂಸು ಹಾಲು ಬಿಟ್ಟಿದ್ದರೆ, ಮಂಕಾಗಿದ್ದರೆ, ಮೈ ತಣ್ಣಗಾಗಿದ್ದರೆ ಅಂಕಿಯನ್ನು ನೋಡುತ್ತ ಕೂರಬೇಡಿ.

ಖರಾಡಿಯ ಸೊಸೈಟಿಗಳ ಕಾರ್ಯದರ್ಶಿಗಳಿಗೆ ಒಂದು ಬಿನ್ನಹ. ಗೇಟಿನ ಡ್ರಾಯರಿನಲ್ಲಿ ಬಿದ್ದಿರುವ 2020ರ ಬಂದೂಕನ್ನು ದಾನ ಮಾಡಬೇಡಿ. ಮುಂದಿನ ಗಣೇಶೋತ್ಸವದ ವರ್ಗಣಿಯಲ್ಲಿ ಸ್ವಲ್ಪ ತೆಗೆದಿಟ್ಟು, ಪಕ್ಕದ ಸೈಟಿನ ಶೆಡ್ಡುಗಳಿಗೆ ಕೆಲವು ಕಡ್ಡಿ ಕೊಡಿಸಿ. ಹಿಡಿಯುವ ಬಗೆಯನ್ನೂ ಹತ್ತಿರದ ಪಾಲಿಕೆ ದವಾಖಾನೆಯ ದಾರಿಯನ್ನೂ ಅವರ ಮಾತಿನಲ್ಲಿ ಹೇಳಿಕೊಡಿ. ಕನ್ನಡ ಬಲ್ಲವರು ನಿಮ್ಮ ಸೊಸೈಟಿಯಲ್ಲೇ ಇದ್ದಾರೆ.